ಆ ಕೈಗೆ ಪೂರ್ತಿ ರಜೆ ಬೇಡ

ಸ್ತನ ಕ್ಯಾನ್ಸರ್ ಆಪರೇಷನ್ ಮುಗಿಸಿ ಮನೆಗೆ ಹೊರಡುವ ಹೆಂಗಸರು ತಪ್ಪದೇ ಕೇಳುವ ಪ್ರಶ್ನೆ ಒಂದಿದೆ. "ಸಿಸ್ಟರ್, ಇನ್ನು ಈ ಕೈಯಲ್ಲಿ ಏನೂ ಮಾಡಬಾರದಾ?" ನಾವು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿರುವ ಗಂಡನೋ ಮಗಳೋ ಹೇಳಿಬಿಡುತ್ತಾರೆ: "ಏನೂ ಬೇಡ, ಸುಮ್ನೆ ಕೂತಿರು." ಪ್ರೀತಿಯ ಮಾತೇ. ಆದರೆ ಅದರಿಂದ ಆಪರೇಷನ್ ಆದ ಕಡೆಯ ಕೈಗೆ ಒಳ್ಳೆಯದಾಗುವುದಿಲ್ಲ.

ಕೈಯಿಂದ ಎದೆಯ ಕಡೆಗೆ ಲಿಂಫ್ ಎಂಬ ತಿಳಿ ದ್ರವ ಹರಿಯುತ್ತಿರುತ್ತದೆ. ಅದರ ದಾರಿ ಕಂಕುಳಿನ ಗ್ರಂಥಿಗಳ ಮೂಲಕ. ಆಪರೇಷನ್‌ನಲ್ಲಿ ಅವನ್ನು ತೆಗೆದರೆ, ತೂಬು ಮುಚ್ಚಿದ ಗದ್ದೆಯಲ್ಲಿ ನೀರು ನಿಲ್ಲುವ ಹಾಗೆ ದ್ರವ ಕೈಯಲ್ಲೇ ನಿಲ್ಲಬಹುದು. ಈ ಊತಕ್ಕೆ ಲಿಂಫೆಡಿಮಾ ಅನ್ನುತ್ತಾರೆ. ಕಂಕುಳಿನ ಗ್ರಂಥಿಗಳನ್ನು ಗುಂಪಾಗಿ ತೆಗೆಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದು ಬರುತ್ತದೆ. ಪರೀಕ್ಷೆಗೆಂದು ಒಂದೆರಡು ಗ್ರಂಥಿ ಮಾತ್ರ ತೆಗೆದಿದ್ದರೆ ಸಾಧ್ಯತೆ ತುಂಬಾ ಕಡಿಮೆ. ಕಂಕುಳಿಗೆ ರೇಡಿಯೇಷನ್ ಆಗಿದ್ದರೆ, ಮೈತೂಕ ಜಾಸ್ತಿ ಇದ್ದರೆ ಹೆಚ್ಚು. ಬರುವುದಾದರೆ ಸಾಮಾನ್ಯವಾಗಿ ಮೊದಲ ಎರಡು ಮೂರು ವರ್ಷಗಳಲ್ಲಿ ಬರುತ್ತದೆ. ಎಷ್ಟೋ ವರ್ಷ ಬಿಟ್ಟು ಬಂದವರೂ ಇದ್ದಾರೆ.

ರಕ್ತವನ್ನು ತಳ್ಳಲು ಹೃದಯವಿದೆ. ಲಿಂಫ್‌ಗೆ ಹಾಗೆ ಬೇರೆ ಪಂಪ್ ಇಲ್ಲ. ಕೈ ಆಡಿಸಿದಾಗ ಸ್ನಾಯುಗಳು ಹಿಂಡುತ್ತವಲ್ಲ, ಅದು ಮುಂದಕ್ಕೆ ಸಾಗಲು ಅದರಿಂದ ತುಂಬಾ ನೆರವಾಗುತ್ತದೆ. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತರೆ ಭುಜ ಬಿಗಿಯುತ್ತದೆ, ಊತಕ್ಕೂ ಅನುಕೂಲವಾಗುತ್ತದೆ. ಹಿಂದೆ "ಭಾರ ಎತ್ತಲೇಬೇಡಿ" ಎಂದು ಎಲ್ಲ ಕಡೆ ಹೇಳುತ್ತಿದ್ದರು. 2009ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಇದ್ದ 141 ಹೆಂಗಸರಿಗೂ ಆಗಲೇ ಕೈ ಊದಿತ್ತು. ಅವರಲ್ಲಿ ಅರ್ಧದಷ್ಟು ಜನ ತಜ್ಞರ ಮಾರ್ಗದರ್ಶನದಲ್ಲಿ, ಕೈಗೆ ಬಿಗಿ ತೋಳು (ಊತ ಹೆಚ್ಚದಂತೆ ಕೈಯನ್ನು ಒತ್ತಿ ಹಿಡಿಯುವ ಬಟ್ಟೆಯ ತೋಳು) ಹಾಕಿಕೊಂಡು, ನಿಧಾನವಾಗಿ ಹೆಚ್ಚಿಸುತ್ತಾ ಭಾರ ಎತ್ತಿದರು. ಭಾರ ಎತ್ತದವರಿಗಿಂತ ಅವರ ಊತವೇನೂ ಹೆಚ್ಚಲಿಲ್ಲ. ಅದು ಉಲ್ಬಣಿಸಿದ್ದೂ ಅವರಲ್ಲೇ ಕಡಿಮೆ.

ಇಲ್ಲಿ ಮುಖ್ಯವಾದದ್ದು "ನಿಧಾನವಾಗಿ" ಅನ್ನುವುದು. ಮೊದಲ ದಿನಗಳಲ್ಲಿ ಮುಷ್ಟಿ ಕಟ್ಟಿ ಬಿಡುವುದು, ತಲೆ ಬಾಚಿಕೊಳ್ಳುವುದು. ಡ್ರೈನ್ (ಗಾಯದಿಂದ ದ್ರವ ಹೊರಹೋಗಲು ಇಟ್ಟ ಕೊಳವೆ) ತೆಗೆದು ಡಾಕ್ಟರ್ ಸರಿ ಅಂದ ಮೇಲೆ ಗೋಡೆಯ ಮೇಲೆ ಬೆರಳು ನಡೆಸುತ್ತಾ ಕೈಯನ್ನು ದಿನಕ್ಕಿಷ್ಟು ಮೇಲಕ್ಕೆ ಒಯ್ಯುವುದು. ಆಮೇಲೆ ಅಡುಗೆ ಕೆಲಸ. ಮುದ್ದೆ ತಿರುವುವುದು ಭುಜಕ್ಕೆ ದೊಡ್ಡ ಕೆಲಸವೇ. ಮೊದಲು ಇಬ್ಬರಿಗಾಗುವಷ್ಟು ಮಾಡಿ, ಪಾತ್ರೆಯನ್ನು ಬೇರೆಯವರು ಹಿಡಿದುಕೊಳ್ಳಲಿ. ಸಂಜೆ ಕೈ ಭಾರ ಅನಿಸಿದರೆ ಮಾರನೇ ದಿನ ಕೆಲಸ ಕಡಿಮೆ ಮಾಡಿ. ಹಬ್ಬದ ಮನೆಯಲ್ಲಿ ಒಂದೇ ದಿನ ಹತ್ತು ಜನರ ಅಡುಗೆಗೆ ಇಳಿಯಬೇಡಿ.

ನಿಜವಾಗಿ ಹೆದರಬೇಕಾದದ್ದು ಗಾಯಕ್ಕೆ. ನಮಗೆ ಸಿಗುವ ಕರಪತ್ರಗಳಲ್ಲಿ "ತೋಟಗಾರಿಕೆ ಮಾಡುವಾಗ ಗ್ಲೌಸ್ ಧರಿಸಿ" ಎಂದು ಬರೆದಿರುತ್ತದೆ. ರಾಗಿ ಕೊಯ್ಯುವ ಹೆಂಗಸಿಗೆ ಅದು ತನಗೆ ಹೇಳಿದ್ದು ಅನಿಸುವುದೇ ಇಲ್ಲ. ಹಾಗಾಗಿ ನಾನು ಮಾಹಿತಿ ಹಾಳೆ ಬರೆಯುವಾಗ ಮೊದಲು ಕೇಳುವುದು "ಬೆಳಗ್ಗೆ ಎದ್ದು ಏನೇನು ಕೆಲಸ ಮಾಡ್ತೀರಮ್ಮಾ?" ಎಂದು. ಉತ್ತರ ಊರೂರಿಗೆ ಬೇರೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಕೈ ದಿನವಿಡೀ ಬಿಸಿನೀರಲ್ಲಿರುತ್ತದೆ, ಬೆರಳ ಚರ್ಮ ಬಿರಿಯುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಕಡ್ಡಿ ಗೀರುತ್ತದೆ. ಹಾಳೆಯಲ್ಲಿ ಕುಡುಗೋಲು, ಬಿಸಿನೀರು, ಕಾಫಿ ಗಿಡ ಇರಬೇಕು. ಆಗ ಓದಿದವರು ತಮ್ಮ ಕೈ ನೋಡಿಕೊಳ್ಳುತ್ತಾರೆ.

ಇನ್ನೊಂದು ವಿಷಯವನ್ನು ತುಂಬಾ ಜನ ಹೇಳಿಕೊಳ್ಳುವುದೇ ಇಲ್ಲ. ಕಂಕುಳಿನ ಆಪರೇಷನ್‌ನಲ್ಲಿ ಒಂದು ನರಕ್ಕೆ ಪೆಟ್ಟಾಗಿ ತೋಳಿನ ಒಳಭಾಗ ಜೋಮು ಹಿಡಿದಂತೆ ಇರುವುದು ಸಾಮಾನ್ಯ. ಆ ಜಾಗಕ್ಕೆ ಬಿಸಿ ಪಾತ್ರೆ ತಾಗಿದರೂ ಗೊತ್ತಾಗುವುದಿಲ್ಲ. ರಾತ್ರಿ ರವಿಕೆ ಬಿಚ್ಚಿದಾಗ ಬೊಬ್ಬೆ ಕಾಣುತ್ತದೆ. ಅದಕ್ಕೇ ಸ್ನಾನ ಆದ ಮೇಲೆ ಇಡೀ ಕೈಯನ್ನು ಕಣ್ಣಾರೆ ನೋಡಿ, ಸ್ವಲ್ಪ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಗಾಯವಾದರೆ ಸೋಪು ನೀರಿನಲ್ಲಿ ತೊಳೆದು ಮುಚ್ಚಿಡಿ. ಕೈ ಕೆಂಪಾಗಿ, ಬಿಸಿಯಾಗಿ, ನೋವು ಬಂದು, ಜೊತೆಗೆ ಚಳಿಜ್ವರ ಶುರುವಾದರೆ ಸೋಂಕು ಚರ್ಮದೊಳಗೆ ಹರಡುತ್ತಿದೆ ಎಂದರ್ಥ. ಬೆಳಗಾಗಲಿ ಎಂದು ಕಾಯಬೇಡಿ. ಅದಕ್ಕೆ ತಕ್ಷಣ ಆ್ಯಂಟಿಬಯಾಟಿಕ್ ಬೇಕು. ಇಂಥ ಒಂದೊಂದು ಸೋಂಕೂ ಉಳಿದಿರುವ ಲಿಂಫ್ ದಾರಿಗಳನ್ನು ಇನ್ನಷ್ಟು ಕೆಡಿಸುತ್ತದೆ.

ಆ ಕೈಗೆ ಬಿಪಿ ಪಟ್ಟಿ, ಸೂಜಿ ಬೇಡ ಅನ್ನುವ ನಿಯಮ ಎಲ್ಲರಿಗೂ ಗೊತ್ತು. ಈಚಿನ ಅಧ್ಯಯನಗಳ ಪ್ರಕಾರ ಅಷ್ಟು ಭಯ ಬೇಕಿಲ್ಲ. ಆಗುವುದಾದರೆ ಇನ್ನೊಂದು ಕೈ ಕೊಡಿ. ಜೀವಕ್ಕೆ ಅಪಾಯ ಬಂದ ಹೊತ್ತಲ್ಲಿ ಬೇಡ ಎಂದು ಹಟ ಮಾಡಬೇಡಿ.

ಊತ ಶುರುವಾದಾಗ ಮೊದಲು ಹೇಳುವುದು ಬಳೆ. ದಿನಾ ಹಾಕುವ ಬಳೆ ಏರುವುದಿಲ್ಲ, ರವಿಕೆ ತೋಳು ಕಚ್ಚುತ್ತದೆ, ಉಂಗುರ ಬಿಗಿಯಾಗುತ್ತದೆ. ಬೆಳಗ್ಗೆ ಹೊತ್ತಿಗೆ ಇಳಿದುಬಿಡುವುದರಿಂದ "ಕೆಲಸ ಜಾಸ್ತಿ ಆಯ್ತು" ಎಂದು ಸುಮ್ಮನಾಗುತ್ತಾರೆ. ಚೆನ್ನಾಗಿ ಚಿಕಿತ್ಸೆ ಹಿಡಿಯುವುದು ಆಗಲೇ. ಬಿಟ್ಟರೆ ಒಳಗಿನ ಮಾಂಸ ಗಟ್ಟಿಯಾಗುತ್ತದೆ, ಆಮೇಲೆ ಇಳಿಸುವುದು ಕಷ್ಟ. ನೀರು ಇಳಿಸುವ ಮಾತ್ರೆ ಈ ಊತಕ್ಕೆ ಕೆಲಸ ಮಾಡುವುದಿಲ್ಲ. ಮೆಡಿಕಲ್ ಶಾಪಿನಿಂದ ಕ್ರೇಪ್ ಬ್ಯಾಂಡೇಜ್ ತಂದು ಮುಂಗೈಗೆ ಮಾತ್ರ ಬಿಗಿಯಾಗಿ ಸುತ್ತಿದರೆ ಬೆರಳುಗಳು ಊದಿಕೊಳ್ಳುತ್ತವೆ. ಬಿಗಿ ತೋಳನ್ನು ಫಿಸಿಯೋಥೆರಪಿಸ್ಟ್ ಕೈಯ ಅಳತೆ ತೆಗೆದೇ ಕೊಡಬೇಕು. ಹೊಸದಾಗಿ ಬಂದ ಊತವನ್ನು ಕ್ಯಾನ್ಸರ್ ಡಾಕ್ಟರಿಗೂ ತೋರಿಸಿ. ಅಪರೂಪಕ್ಕೆ ಕಂಕುಳಲ್ಲಿ ರೋಗ ಮರುಕಳಿಸಿದಾಗಲೂ ಹೀಗಾಗುವುದುಂಟು.

ಮನೆಯಲ್ಲಿ ದರ್ಜಿಯ ಟೇಪ್ ಒಂದಿದ್ದರೆ ಸಾಕು. ಮೊಣಕೈಯಿಂದ 10 ಸೆಂ.ಮೀ. ಮೇಲೆ, 10 ಸೆಂ.ಮೀ. ಕೆಳಗೆ ಗುರುತು ಮಾಡಿ ಎರಡೂ ಕೈ ಅಳೆಯಿರಿ. ಬಲಗೈ ಬಳಸುವವರಿಗೆ ಬಲಗೈ ಮೊದಲಿಂದಲೂ ಸ್ವಲ್ಪ ದಪ್ಪ ಇರುತ್ತದೆ. ಹಾಗಾಗಿ ಆಪರೇಷನ್‌ಗೆ ಮುಂಚಿನ ಅಳತೆ ಇದ್ದರೆ ಒಳ್ಳೆಯದು, ವಾರ್ಡಿನಲ್ಲಿ ಕೇಳಿ ಬರೆಸಿಕೊಳ್ಳಿ. ತಿಂಗಳಿಗೊಮ್ಮೆ, ಒಂದೇ ಹೊತ್ತಿನಲ್ಲಿ ಅಳೆಯಿರಿ. ಮೊದಲಿನದಕ್ಕಿಂತ 2 ಸೆಂ.ಮೀ. ಹೆಚ್ಚಾಗಿದ್ದರೆ ಮುಂದಿನ ಚೆಕಪ್‌ವರೆಗೆ ಕಾಯದೆ ಅಳತೆಯ ಚೀಟಿ ಹಿಡಿದು ಬನ್ನಿ.