ಮೀಟರಿನ ಸೊನ್ನೆ ನಿಜವಾದ ಸೊನ್ನೆಯಲ್ಲ

"ಸಾರ್, ಬೆಟ್ಟದ ಮೇಲೆ ಗಾಡಿ ಎಳೆಯಲ್ಲ. ಬೂಸ್ಟ್ ಸ್ವಲ್ಪ ಏರಿಸಿಕೊಡಿ."

ರಜೆ ಹತ್ತಿರ ಬಂದರೆ ಸಾಕು, ಗಾಡಿ ಟ್ಯೂನ್ ಮಾಡುವ ನನ್ನ ಹತ್ತಿರ ಒಬ್ಬರಲ್ಲ ಒಬ್ಬರು ಈ ಮಾತು ಹಿಡಿದು ಬರುತ್ತಾರೆ. ಏರಿಸುವುದು ಐದು ನಿಮಿಷದ ಕೆಲಸ. ತೊಂದರೆ ಆಗುವುದೂ ಅದರಿಂದಲೇ.

ಟರ್ಬೊ ಅಂದರೆ ಹೊಗೆಯ ರಭಸದಿಂದ ಚಕ್ರ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಯಂತ್ರ; ಹಾಗೆ ಹೆಚ್ಚಾಗಿ ಬರುವ ಒತ್ತಡವೇ ಬೂಸ್ಟ್. ಎತ್ತರಕ್ಕೂ ಟರ್ಬೊಗೂ ಹಳೇ ನಂಟು. 1918ರಲ್ಲೇ ಜನರಲ್ ಎಲೆಕ್ಟ್ರಿಕ್‌ನ ಸ್ಯಾನ್‌ಫೋರ್ಡ್ ಮಾಸ್ ವಿಮಾನದ ಲಿಬರ್ಟಿ ಎಂಜಿನ್ ಒಂದನ್ನು ಅಮೆರಿಕದ ಪೈಕ್ಸ್ ಪೀಕ್ ತುದಿಗೆ, ಅಂದರೆ 4,300 ಮೀಟರ್ ಎತ್ತರಕ್ಕೆ, ಸಾಗಿಸಿ ಓಡಿಸಿ ನೋಡಿದರು. ಕೆಳಗೆ 350 ಎಚ್‌ಪಿ ಕೊಡುತ್ತಿದ್ದದ್ದು ಅಲ್ಲಿ 230ಕ್ಕೆ ಇಳಿದಿತ್ತು. ಟರ್ಬೊ ಹಾಕಿದ ಮೇಲೆ 356. ಹಾಗಾಗಿ ಟರ್ಬೊ ಇದ್ದರೆ ಎತ್ತರದ ಚಿಂತೆ ಇಲ್ಲ ಅನ್ನುವವರ ಮಾತು ಪೂರ್ತಿ ಸುಳ್ಳಲ್ಲ.

ಜನ ಎಡವುವುದು ಬೂಸ್ಟ್ ಮೀಟರಿನ ಮುಳ್ಳನ್ನು ನಂಬಿ. ಎಂಜಿನ್ ಆಫ್ ಇದ್ದಾಗ ಮುಳ್ಳು ಸೊನ್ನೆಯಲ್ಲಿ ಇರುತ್ತದೆ ಅಲ್ವಾ? ಸಮುದ್ರದ ಪಕ್ಕ ನಿಲ್ಲಿಸಿದರೂ ಸೊನ್ನೆ, 3,000 ಮೀಟರ್ ಮೇಲೆ ನಿಲ್ಲಿಸಿದರೂ ಸೊನ್ನೆ. ಆದರೆ ಸಮುದ್ರದ ಪಕ್ಕ ಗಾಳಿಯ ಒತ್ತಡ ಹೆಚ್ಚುಕಮ್ಮಿ 1 ಬಾರ್. 3,000 ಮೀಟರಿನಲ್ಲಿ 0.7 ಬಾರ್. ಮೀಟರ್ ಇದನ್ನು ಹೇಳುವುದೇ ಇಲ್ಲ. ಸುತ್ತಲಿನ ಗಾಳಿಗಿಂತ ಎಷ್ಟು ಜಾಸ್ತಿ ಅನ್ನುವುದನ್ನು ಮಾತ್ರ ತೋರಿಸುತ್ತದೆ. ಎಂಜಿನ್ನಿಗೆ ಸುತ್ತಲಿನ ಗಾಳಿ ಕಟ್ಟಿಕೊಂಡು ಏನೂ ಆಗಬೇಕಿಲ್ಲ. ಸಿಲಿಂಡರಿಗೆ ಒಟ್ಟು ಎಷ್ಟು ಬಂತು, ಅದಕ್ಕೆ ಅದೇ ಲೆಕ್ಕ.

ನಂಬಿಕೆ ಬರದಿದ್ದರೆ ಒಂದು ಸ್ಕ್ಯಾನರ್ ಸಿಕ್ಕಿಸಿ, ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಎಂಜಿನ್ನಿಗೆ ಹೋಗುವ ಗಾಳಿಯ ಒಟ್ಟು ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಎಷ್ಟು ತೋರಿಸುತ್ತಿದೆ ನೋಡಿ. ಕೆಳಗೆ 101 ಕಿಲೋಪಾಸ್ಕಲ್ (100 ಅಂದರೆ 1 ಬಾರ್) ಆಸುಪಾಸು, ಮೇಲೆ 70 ಆಸುಪಾಸು. ಮುಳ್ಳು ಎರಡೂ ಕಡೆ ಸೊನ್ನೆಯಲ್ಲೇ ಮಲಗಿರುತ್ತದೆ.

ಈಗ ನನ್ನ ಒಬ್ಬ ಗಿರಾಕಿಯ ಕಥೆ ಹೇಳುತ್ತೇನೆ. ಒಳ್ಳೇ ಮನುಷ್ಯ, ಗಾಡಿಯನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಾರೆ. ಸಮುದ್ರಮಟ್ಟದಲ್ಲಿ 1.2 ಬಾರ್ ಬೂಸ್ಟ್, ಅಂದರೆ ಹೊರಗಿನ 1 ಸೇರಿ ಒಟ್ಟು 2.2. ಬೂಸ್ಟ್ ಹಿಡಿತ ಹಳೇ ತರಹದ್ದು, ಕೈಯಲ್ಲಿ ತಿರುಗಿಸುವ ಕಂಟ್ರೋಲರ್. ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಟರ್ಬೊ ಪಕ್ಕದಿಂದ ಬಿಡುವ ಬಾಗಿಲಿನ, ಅಂದರೆ ವೇಸ್ಟ್‌ಗೇಟಿನ, ಸ್ಪ್ರಿಂಗ್ ಕೂಡ ಹೊರಗಿನ ಗಾಳಿಯ ಜೊತೆಗೇ ತೂಗಿಕೊಂಡು ತೆರೆಯುತ್ತದೆ. ಹಾಗಾಗಿ 3,000 ಮೀಟರ್ ಮೇಲೂ ಮುಳ್ಳು 1.2ರ ಹತ್ತಿರವೇ ನಿಂತಿತು, ಒಟ್ಟು ಮಾತ್ರ 1.9. "ಮುಳ್ಳು ಸರಿ ಇದೆ, ಗಾಡಿ ಮಾತ್ರ ಡಲ್ಲು" ಅಂತ ಅಲ್ಲೇ ಯಾರ ಕೈಯಲ್ಲೋ 1.5ಕ್ಕೆ ಏರಿಸಿಕೊಂಡರು. ಒಟ್ಟು ಮತ್ತೆ 2.2 ಆಯಿತು. ಗಾಡಿ ಹಾರಿತು. ಖುಷಿಯೋ ಖುಷಿ.

ಕೆಳಗೆ ಬಂದ ಮೇಲೆ ಅದೇ 1.5ಕ್ಕೆ 1 ಸೇರಿಸಿ ನೋಡಿ. 2.5! ಅವರ ಮ್ಯಾಪ್ ಸೆನ್ಸರಿನ ಮಿತಿಯೂ ಸರಿಯಾಗಿ ಅಲ್ಲಿಗೆ ಮುಗಿಯುತ್ತಿತ್ತು, ಅದರಾಚೆ ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಕುರುಡು. ಬಿಸಿಲು ಬೇರೆ. ನಾಕಿಂಗ್, ಅಂದರೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಸಿಡಿಯುವುದು, ಶುರುವಾಗಿ ಮೂರನೇ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚು ಮುರಿದು ಬಂತು. ಆ ತುಂಡು ಇನ್ನೂ ನನ್ನ ಡ್ರಾಯರಿನಲ್ಲಿದೆ, ಕಡಲೆಬೀಜದಷ್ಟು ಗಾತ್ರ. ವಾದ ಮಾಡುವವರ ಕೈಗೆ ಸುಮ್ನೆ ಅದನ್ನು ಕೊಡುತ್ತೇನೆ.

ಹಾಗಾದರೆ ಮೇಲೆ ಇದ್ದಷ್ಟು ದಿನ 1.5 ಸರಿಯೇ? ಅದೂ ಅಷ್ಟು ಸಲೀಸಲ್ಲ. ಕೆಳಗೆ ಟರ್ಬೊ 1 ಬಾರ್ ಗಾಳಿಯನ್ನು 2.2 ಮಾಡುತ್ತಿತ್ತು, ಅಂದರೆ 2.2 ಪಟ್ಟು. ಮೇಲೆ 0.7ನ್ನು 2.2 ಮಾಡಬೇಕು. ಅದು 3 ಪಟ್ಟಿಗೂ ಜಾಸ್ತಿ. ಚಕ್ರ ಅದಕ್ಕೆ ತಕ್ಕ ಹಾಗೆ ಜೋರಾಗಿ ತಿರುಗಬೇಕು, ಒತ್ತಿದ ಗಾಳಿ ಇನ್ನೂ ಬಿಸಿಯಾಗುತ್ತದೆ, ಅದನ್ನು ತಣಿಸುವ ಇಂಟರ್‌ಕೂಲರಿಗೆ ತಗಲುವ ಗಾಳಿಯೂ ತೆಳು. ಚಿಕ್ಕ ಟರ್ಬೊ ಇದನ್ನು ಎಷ್ಟು ದಿನ ತಾಳುತ್ತದೆ ಅನ್ನುವುದು ಆಯಾ ಟರ್ಬೊ ಮೇಲೆ ಇದೆ, ಗಾಡಿ ನೋಡದೆ ನಾನು ಹೇಳಲಾರೆ. ಕಂಪನಿಯ ಇಸಿಯು ಎತ್ತರದಲ್ಲಿ ಬೂಸ್ಟನ್ನು ತಾನಾಗಿ ಸ್ವಲ್ಪ ಇಳಿಸುವುದು ಸಾಮಾನ್ಯವಾಗಿ ಇದೇ ಕಾರಣಕ್ಕೆ. ರಿಮ್ಯಾಪ್ ಮಾಡುವಾಗ, ಅಂದರೆ ಇಸಿಯು ಲೆಕ್ಕ ಬದಲಿಸುವಾಗ, ಆ ಮಿತಿಯನ್ನು ಕಿತ್ತು ಹಾಕಿ ಅಂತ ಕೇಳುವವರಿದ್ದಾರೆ. ನಾನು ಕೀಳುವುದಿಲ್ಲ.

ನಾನು ಟ್ಯೂನ್ ಮಾಡುವಾಗ ಗುರಿ ಇಡುವುದು ಒಟ್ಟು ಒತ್ತಡಕ್ಕೆ, ಮುಳ್ಳಿಗಲ್ಲ. ಅದರ ಮೇಲೆ ಎಷ್ಟು ಪಟ್ಟು ಒತ್ತಬಹುದು ಅನ್ನುವುದಕ್ಕೂ ಒಂದು ಕಡಿವಾಣ. ಹಾಗಾಗಿ ಮೇಲೆ ಶಕ್ತಿ ಸ್ವಲ್ಪ ಕಮ್ಮಿಯೇ ಆಗುತ್ತದೆ, ಟರ್ಬೊ ಎದ್ದೇಳುವುದೂ ತಡ. ಒಂದು ಗೇರ್ ಕೆಳಗೆ ಹಾಕಿ ಓಡಿಸಿ ಅನ್ನುತ್ತೇನೆ, ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ಡೀಸೆಲ್ ಗಾಡಿಯವರಿಗೂ ಇದೇ ಮಾತು. ಗಾಳಿ ಕಮ್ಮಿ, ಡೀಸೆಲ್ ಅಷ್ಟೇ ಅಂದರೆ ಹಿಂದೆ ಕಪ್ಪು ಹೊಗೆ.

ಇನ್ನೊಂದು ಮಾತು ಬಿಟ್ಟುಹೋಗುತ್ತಿತ್ತು. ಹೊರಗಿನ ಗಾಳಿ ಅಳೆಯಲು ಬೇರೆ ಸೆನ್ಸರ್ ಇಲ್ಲದ ಕೆಲವು ಇಸಿಯುಗಳು ಕೀ ಆನ್ ಮಾಡಿದ ಕ್ಷಣದಲ್ಲಿ ಮ್ಯಾಪ್ ಸೆನ್ಸರ್ ಓದಿ ಅದನ್ನೇ ನೆನಪಿಟ್ಟುಕೊಳ್ಳುತ್ತವೆ. ಒಂದೇ ದಮ್ಮಿಗೆ 2,500 ಮೀಟರ್ ಹತ್ತಿದರೂ ಅದರ ಲೆಕ್ಕದಲ್ಲಿ ನೀವು ಇನ್ನೂ ಕೆಳಗೇ ಇದ್ದೀರಿ. ನಿಮ್ಮದು ಅಂಥದ್ದಾದರೆ ನಡುವೆ ಎಲ್ಲಾದರೂ ನಿಲ್ಲಿಸಿ, ಒಂದು ನಿಮಿಷ ಐಡ್ಲಿಂಗ್ ಬಿಟ್ಟು ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ. ಇಳಿಯುವಾಗಲೂ ಅಷ್ಟೇ.

ಪಿಸ್ಟನ್ ಕಳೆದುಕೊಂಡ ಆ ಗಿರಾಕಿ ಹೊಸ ಎಂಜಿನ್ ಕೆಲಸ ಆದ ಮೇಲೆ ಮತ್ತೆ ಅದೇ ಬೆಟ್ಟಕ್ಕೆ ಹೋಗಿದ್ದರು. ಸಂಜೆ ಫೋನ್ ಬಂತು. "ಸಾರ್, ಕೀ ಆನ್ ಮಾಡಿ ನೋಡಿದೆ, 71 ತೋರಿಸ್ತಿದೆ. ಸರೀನಾ?" ಸರಿ ಅಂದೆ. "ಹಾಗಾದ್ರೆ ಒಂಚೂರು ಏರಿಸಬಹುದಾ?"