ಮಾರ್ಷಲ್ ಅಂದರೆ ಶೆರಿಫ್ ಅಲ್ಲ, ಕೌಬಾಯ್ ಅಂತೂ ಅಲ್ಲವೇ ಅಲ್ಲ

ಜೇಮ್ಸ್ ಆರ್ನೆಸ್ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆದರೆ ಖುಷಿಯಿಂದ ಓದುತ್ತೇನೆ. 'ಗನ್‌ಸ್ಮೋಕ್' ಎಂಬ ಅಮೆರಿಕದ ಟಿವಿ ಧಾರಾವಾಹಿಯಲ್ಲಿ 1955ರಿಂದ 1975ರವರೆಗೆ ಒಂದೇ ಪಾತ್ರ ಮಾಡಿದ ನಟ ಅವರು. ಆದರೆ ಆ ಪಾತ್ರ ಯಾವುದು ಎಂದು ಹೇಳುವ ಹೊತ್ತಿಗೆ ಬರಹ ಎಡವುತ್ತದೆ. ಒಬ್ಬರು ಶೆರಿಫ್ ಅನ್ನುತ್ತಾರೆ. ಇನ್ನೊಬ್ಬರು ಕೌಬಾಯ್ ಅನ್ನುತ್ತಾರೆ. ಮತ್ತೊಬ್ಬರು, ಆರ್ನೆಸ್ ಎರಡನೇ ಮಹಾಯುದ್ಧದಲ್ಲಿ ಹೋರಾಡಿದ್ದನ್ನು ಇದಕ್ಕೆ ಗಂಟು ಹಾಕಿ, ಮಾರ್ಷಲ್ ಅಂದರೆ ಸೇನೆಯ ಹುದ್ದೆ ಎಂದು ಬರೆದುಬಿಡುತ್ತಾರೆ. ಮೂರೂ ತಪ್ಪು. ಆ ಪಾತ್ರದ ಹೆಸರು ಮ್ಯಾಟ್ ಡಿಲನ್, ಹುದ್ದೆ ಯುನೈಟೆಡ್ ಸ್ಟೇಟ್ಸ್ ಮಾರ್ಷಲ್, ಅಂದರೆ ಅಮೆರಿಕದ ಕೇಂದ್ರ ನ್ಯಾಯಾಲಯದ ಆದೇಶ ಜಾರಿ ಮಾಡುವ ಅಧಿಕಾರಿ. ಇದನ್ನು ಸರಿಯಾಗಿ ತಿಳಿಯದಿದ್ದರೆ ಆರ್ನೆಸ್ 20 ವರ್ಷ ತೆರೆಯ ಮೇಲೆ ಮಾಡಿದ್ದು ಏನು ಎಂಬುದೇ ಅರ್ಥವಾಗುವುದಿಲ್ಲ.

ಪದದ ಹುಟ್ಟು ಕುದುರೆ ಲಾಯದಲ್ಲಿ. ಹಳೆಯ ಜರ್ಮನ್ ನುಡಿಗಳಲ್ಲಿ 'ಮರಹ್' ಎಂದರೆ ಕುದುರೆ, 'ಸ್ಕಲ್ಕ್' ಎಂದರೆ ಆಳು. ಎರಡೂ ಸೇರಿ 'ಮರಹ್‌ಸ್ಕಲ್ಕ್', ಅಂದರೆ ಕುದುರೆ ನೋಡಿಕೊಳ್ಳುವವನು. ಹೆಣ್ಣು ಕುದುರೆಗೆ ಇಂಗ್ಲಿಷಿನಲ್ಲಿ 'ಮೇರ್' ಎನ್ನುತ್ತಾರಲ್ಲ, ಅದೂ ಇದೇ ಬೇರಿನದು. ಫ್ರಾಂಕರ ಕಾಲದಲ್ಲಿ ಈ ಪದ ಲ್ಯಾಟಿನ್ನಿಗೆ ಹೋಯಿತು, ಅಲ್ಲಿಂದ ಹಳೆಯ ಫ್ರೆಂಚಿಗೆ, ಫ್ರೆಂಚಿನಿಂದ ಇಂಗ್ಲಿಷಿಗೆ. ದಾರಿಯಲ್ಲಿ ಅದರ ಅಂತಸ್ತು ಏರುತ್ತಲೇ ಹೋಯಿತು. ಯುದ್ಧ ಕುದುರೆಯ ಮೇಲೆ ನಿಂತಿದ್ದ ಕಾಲ ಅದು. ರಾಜನ ಲಾಯ ಯಾರ ಕೈಯಲ್ಲಿದೆಯೋ ಅವನೇ ಸೈನ್ಯ ಹೊರಡಿಸುವವನು. ಹೀಗಾಗಿ ಕುದುರೆ ಆಳು ಅರಮನೆಯ ಅಧಿಕಾರಿಯಾದ, ಅಧಿಕಾರಿ ದಳಪತಿಯಾದ. ಫ್ರೆಂಚಿನಲ್ಲಿ ಈ ಏಣಿಯ ಎರಡೂ ತುದಿ ಇವತ್ತಿಗೂ ಉಳಿದಿವೆ. 'ಮಾರೆಶಾಲ್ ದ ಫ್ರಾನ್ಸ್' ಎಂದರೆ ಆ ದೇಶದ ಅತಿ ದೊಡ್ಡ ಸೇನಾ ಗೌರವ. 'ಮಾರೆಶಾಲ್ ಫೆರಾಂ' ಎಂದರೆ ಕುದುರೆಗೆ ಲಾಳ ಕಟ್ಟುವವನು. ಅದೇ ಪದದ ಇನ್ನೊಂದು ತುಂಡಾದ 'ಸ್ಕಲ್ಕ್' ಮಾತ್ರ ಜರ್ಮನ್ನಿನಲ್ಲಿ 'ಶಾಲ್ಕ್' ಆಗಿ, ಕಿಡಿಗೇಡಿ ಎಂಬ ಅರ್ಥಕ್ಕೆ ಇಳಿಯಿತು.

ಕಾನ್ಸ್‌ಟೇಬಲ್ ಪದದ ಕಥೆಯೂ ಹೀಗೇ. ಲ್ಯಾಟಿನ್ನಿನ 'ಕೋಮೆಸ್ ಸ್ಟಾಬುಲಿ', ಅಂದರೆ ಲಾಯದ ಮುಖ್ಯಸ್ಥ. ಅದು ಮೊದಲು ಸೇನಾಪತಿಯ ಬಿರುದಾಯಿತು, ಆಮೇಲೆ ಇಳಿದು ಇಳಿದು ನಮ್ಮ ಪೇದೆಯ ಹೆಸರಾಯಿತು. ಇದು ಯುರೋಪಿಗೆ ಮಾತ್ರ ಸೇರಿದ ಕಥೆಯೂ ಅಲ್ಲ. ಹೊಯ್ಸಳರ ಕಾಲದ ಶಾಸನಗಳಲ್ಲಿ 'ಸಾಹಣಿ', 'ಮಹಾಸಾಹಣಿ' ಎಂಬ ಬಿರುದುಗಳು ಬರುತ್ತವೆ. ಕುದುರೆ ಲಾಯದ ಮೇಲ್ವಿಚಾರಣೆ ಮಾಡುವವನು, ಕುದುರೆ ಪಡೆಯನ್ನು ನಡೆಸುವವನು ಸಾಹಣಿ. ಮಾರ್ಷಲ್ ಪದಕ್ಕೆ ಕನ್ನಡದಲ್ಲಿ ಸರಿಸಾಟಿ ಹುಡುಕುವವರು ಇಲ್ಲಿಂದ ಶುರು ಮಾಡಬಹುದು. ಯಾಕೋ ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ.

ಈಗ ನನಗೆ ನಿಜವಾಗಿ ಬೇಸರ ತರಿಸುವ ಗೊಂದಲಕ್ಕೆ ಬರುತ್ತೇನೆ. ಇಂಗ್ಲಿಷಿನಲ್ಲಿ ಎರಡು ಬೇರೆ ಬೇರೆ ಪದಗಳಿವೆ. ಒಂದು ಈ ಕುದುರೆಯ ಮಾರ್ಷಲ್. ಇನ್ನೊಂದು ರೋಮನ್ನರ ಯುದ್ಧದೇವತೆ ಮಾರ್ಸ್ ಹೆಸರಿನಿಂದ ಬಂದದ್ದು, ಅದರ ಅರ್ಥ ಯುದ್ಧಕ್ಕೆ ಸಂಬಂಧಿಸಿದ್ದು ಎಂದು. ಮಾರ್ಚ್ ತಿಂಗಳಿಗೆ ಹೆಸರು ಕೊಟ್ಟದ್ದೂ ಅದೇ ದೇವತೆ. ಇಂಗ್ಲಿಷಿನಲ್ಲಿ ಎರಡರ ಉಚ್ಚಾರ ಒಂದೇ ಆದರೂ ಕಾಗುಣಿತ ಬೇರೆ. ಕನ್ನಡ ಲಿಪಿಗೆ ಬಂದಾಗ ಎರಡೂ 'ಮಾರ್ಷಲ್' ಆಗಿಬಿಡುತ್ತವೆ. ಮಾರ್ಷಲ್ ಆರ್ಟ್ಸ್, ಮಾರ್ಷಲ್ ಲಾ ಎಂಬಲ್ಲಿ ಇರುವುದು ಯುದ್ಧದೇವತೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಏರ್ ಮಾರ್ಷಲ್ ಎಂಬಲ್ಲಿ ಇರುವುದು ಕುದುರೆ. ವಿಧಾನಸಭೆಯಲ್ಲಿ ಸಭಾಧ್ಯಕ್ಷರು ಹೇಳಿದ ಕೂಡಲೇ ಸದಸ್ಯರನ್ನು ಹೊರಗೆ ಕರೆದೊಯ್ಯುವ ಮಾರ್ಷಲ್‌ಗಳೂ ಕುದುರೆಯ ಕಡೆಯವರೇ. ಮಾಸ್ಕ್ ಹಾಕದವರಿಗೆ ಬೆಂಗಳೂರಿನಲ್ಲಿ ದಂಡ ಹಾಕುತ್ತಿದ್ದ ಪಾಲಿಕೆಯ ಮಾರ್ಷಲ್‌ಗಳೂ ಅಷ್ಟೇ.

ಇದರಲ್ಲಿ ಅತಿ ಕೆಟ್ಟ ಗಂಟು 'ಕೋರ್ಟ್ ಮಾರ್ಷಲ್'. ಸೈನಿಕರನ್ನು ವಿಚಾರಣೆ ಮಾಡುವ ಸೇನಾ ನ್ಯಾಯಾಲಯಕ್ಕೆ ಆ ಹೆಸರು, ಅಲ್ಲಿರುವುದು ಮಾರ್ಸ್ ದೇವತೆಯ ಪದ. ಆದರೆ ಕನ್ನಡದಲ್ಲಿ ಓದಿದಾಗ ಕೋರ್ಟಿನ ಮಾರ್ಷಲ್ ಎಂದೂ ಅರ್ಥ ಮಾಡಿಕೊಳ್ಳಬಹುದಲ್ವಾ? ಅಮೆರಿಕದ ಯು.ಎಸ್. ಮಾರ್ಷಲ್ ಇರುವುದೇ ಕೋರ್ಟಿನ ಕೆಲಸಕ್ಕೆ. ಮ್ಯಾಟ್ ಡಿಲನ್ ಒಬ್ಬ ಕೋರ್ಟ್ ಮಾರ್ಷಲ್ ಎಂದು ಬರೆದರೆ ಒಂದು ಲೆಕ್ಕದಲ್ಲಿ ಸರಿ, ಓದುಗರಿಗೆ ತಲುಪುವ ಅರ್ಥದಲ್ಲಿ ಪೂರ್ತಿ ತಪ್ಪು. ಆರ್ನೆಸ್ ಪಾತ್ರವನ್ನು ಸೇನೆಗೆ ಸೇರಿಸುವ ತಪ್ಪು ಹುಟ್ಟುವುದು ಇಲ್ಲೇ. ಮಾರ್ಷಲ್ ಆರ್ಟ್ಸ್‌ಗೆ ಸಮರಕಲೆ ಎಂಬ ಪದ ನಮ್ಮಲ್ಲಿದೆ. ಮಾರ್ಷಲ್ ಲಾ ಬದಲು ಸೇನಾಡಳಿತ, ಕೋರ್ಟ್ ಮಾರ್ಷಲ್ ಬದಲು ಸೇನಾ ವಿಚಾರಣೆ ಎಂದು ಬರೆದರೆ ಯಾರಿಗೂ ಕಷ್ಟವಾಗುವುದಿಲ್ಲ. ಮಾರ್ಷಲ್ ಪದವನ್ನು ಕುದುರೆಯವರಿಗೆ ಬಿಟ್ಟುಕೊಡೋಣ.

ಯು.ಎಸ್. ಮಾರ್ಷಲ್ ಹುದ್ದೆ ಹುಟ್ಟಿದ್ದು 1789ರ ನ್ಯಾಯಾಂಗ ಕಾಯ್ದೆಯಿಂದ. ಜಾರ್ಜ್ ವಾಷಿಂಗ್ಟನ್ ಮೊದಲ 13 ಮಂದಿಯನ್ನು ನೇಮಿಸಿದರು. ಇವತ್ತಿಗೂ ನೇಮಕ ಮಾಡುವುದು ಅಧ್ಯಕ್ಷರೇ, ಒಪ್ಪಿಗೆ ಕೊಡುವುದು ಸೆನೆಟ್. ಕೇಂದ್ರ ನ್ಯಾಯಾಲಯದ ಒಂದು ವ್ಯಾಪ್ತಿಗೆ ಒಬ್ಬ ಮಾರ್ಷಲ್, ಅವರ ಕೈಕೆಳಗೆ ಡೆಪ್ಯುಟಿಗಳು. ಸಮನ್ಸ್ ತಲುಪಿಸುವುದು, ವಾರಂಟ್ ಜಾರಿ ಮಾಡುವುದು, ಕೈದಿಗಳನ್ನು ಕರೆತರುವುದು ಅವರ ಕೆಲಸ. 1790ರಿಂದ 1870ರವರೆಗೆ ಜನಗಣತಿಯನ್ನೂ ಅವರಿಂದಲೇ ಮಾಡಿಸಿದರು. 1896ರವರೆಗೆ ಅವರಿಗೆ ಗೊತ್ತಾದ ಸಂಬಳ ಇರಲಿಲ್ಲ. ಒಂದು ಸಮನ್ಸಿಗೆ ಇಷ್ಟು, ಒಂದು ಬಂಧನಕ್ಕೆ ಇಷ್ಟು ಎಂದು ಶುಲ್ಕ ಸಿಗುತ್ತಿತ್ತು.

ಶೆರಿಫ್ ಬೇರೆ ವಂಶದವನು. ಹಳೆಯ ಇಂಗ್ಲಿಷಿನಲ್ಲಿ 'ಶೈರ್' ಎಂದರೆ ನಾಡು, 'ರೀವ್' ಎಂದರೆ ಪಾರುಪತ್ಯಗಾರ. ನಾಡಿನ ಪಾರುಪತ್ಯಗಾರನೇ ಶೆರಿಫ್. ಅಮೆರಿಕದಲ್ಲಿ ಅವನನ್ನು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶದ, ಜನ ಓಟು ಹಾಕಿ ಆರಿಸುತ್ತಾರೆ. ಬ್ರಿಟಿಷರು ಈ ಹುದ್ದೆಯನ್ನು ನಮ್ಮ ದೇಶಕ್ಕೂ ತಂದರು. ಮುಂಬೈಯಲ್ಲಿ ಅದು ಬರೀ ಗೌರವದ ಹುದ್ದೆಯಾಗಿ ಉಳಿಯಿತು. ಸುನಿಲ್ ಗಾವಸ್ಕರ್ ಕೂಡ ಮುಂಬೈ ಶೆರಿಫ್ ಆಗಿದ್ದರು.

ಮೂರನೆಯವನು ಪಟ್ಟಣದ ಮಾರ್ಷಲ್. ಅವನನ್ನು ನೇಮಿಸುವುದು ಊರಿನ ಆಡಳಿತ. ಕನ್ಸಾಸ್ ರಾಜ್ಯದ ಡಾಡ್ಜ್ ಸಿಟಿಯಲ್ಲಿ, ಅಂದರೆ 'ಗನ್‌ಸ್ಮೋಕ್' ನಡೆಯುವ ಊರಿನಲ್ಲೇ, ಶೆರಿಫ್ ಮತ್ತು ಪಟ್ಟಣದ ಮಾರ್ಷಲ್ ಇಬ್ಬರೂ ಇದ್ದರು. ಬ್ಯಾಟ್ ಮಾಸ್ಟರ್ಸನ್ 1877ರಲ್ಲಿ ಫೋರ್ಡ್ ಕೌಂಟಿಯ ಶೆರಿಫ್ ಆಗಿ ಗೆದ್ದರು. ಅವರ ಅಣ್ಣ ಎಡ್ ಪಟ್ಟಣದ ಮಾರ್ಷಲ್ ಆಗಿದ್ದು, 1878ರಲ್ಲಿ ಕುಡಿದವರ ಬಂದೂಕು ಕಸಿಯಲು ಹೋಗಿ ಸತ್ತರು. ಹೆಸರಾಂತ ವ್ಯಾಟ್ ಅರ್ಪ್ ಅಲ್ಲಿದ್ದದ್ದು ಸಹಾಯಕ ಮಾರ್ಷಲ್ ಆಗಿ. ಧಾರಾವಾಹಿಯ ಲೇಖಕರು ಈ ಎಲ್ಲ ಕೆಲಸಗಳನ್ನೂ ಮ್ಯಾಟ್ ಡಿಲನ್ ಒಬ್ಬನ ಹೆಗಲಿಗೆ ಹಾಕಿದರು. ಕೇಂದ್ರದ ಕಾನೂನು ಮುರಿದವನನ್ನು ಬೆನ್ನಟ್ಟುವವನೂ ಅವನೇ, ಕುಡುಕನನ್ನು ರಾತ್ರಿ ಒಳಗೆ ಹಾಕುವವನೂ ಅವನೇ. ಇತಿಹಾಸದ ಲೆಕ್ಕದಲ್ಲಿ ಇದು ಸರಿಯಲ್ಲ. ಇಡೀ ಕನ್ಸಾಸ್‌ಗೆ ಇದ್ದದ್ದು ಒಬ್ಬ ಯು.ಎಸ್. ಮಾರ್ಷಲ್. ಡಾಡ್ಜ್‌ನಂಥ ಊರಿಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ ಒಬ್ಬ ಡೆಪ್ಯುಟಿ. ಆದರೂ ಧಾರಾವಾಹಿ ತಾನು ಕೊಟ್ಟ ಹುದ್ದೆಯ ಹೆಸರನ್ನು ಬದಲಿಸಲಿಲ್ಲ. ನಾವೂ ಬದಲಿಸಬಾರದು.

ಆರ್ನೆಸ್ ಸೈನಿಕರಾಗಿದ್ದದ್ದು ನಿಜ. ಹುಟ್ಟಿದ್ದು 1923ರ ಮೇ 26ರಂದು, ಮಿನ್ನೆಸೋಟದ ಮಿನಿಯಾಪೊಲಿಸ್‌ನಲ್ಲಿ. ನೌಕಾಪಡೆಯ ವಿಮಾನ ಹಾರಿಸುವ ಆಸೆಯಿತ್ತು, ಎತ್ತರ ಅಡ್ಡ ಬಂತು. ಅವರ ಎತ್ತರ 6 ಅಡಿ 7 ಅಂಗುಲ. ಕೊನೆಗೆ ಕಾಲಾಳು ಪಡೆ ಸೇರಿದರು. 1944ರ ಜನವರಿಯಲ್ಲಿ ಇಟಲಿಯ ಆಂಜಿಯೋ ತೀರದಲ್ಲಿ ಇಳಿಯುವಾಗ ನೀರು ಎಷ್ಟು ಆಳ ಇದೆ ನೋಡಲು ದೋಣಿಯಿಂದ ಮೊದಲು ಇಳಿಸಿದ್ದು ಇವರನ್ನೇ, ಎಲ್ಲರಿಗಿಂತ ಎತ್ತರ ಅಂತ. ಕೆಲವೇ ದಿನಗಳಲ್ಲಿ ಮೆಷಿನ್‌ಗನ್ ಗುಂಡುಗಳು ಬಲಗಾಲನ್ನು ಸೀಳಿದವು. ತಿಂಗಳುಗಟ್ಟಲೆ ಆಸ್ಪತ್ರೆ. ಬ್ರಾಂಜ್ ಸ್ಟಾರ್, ಪರ್ಪಲ್ ಹಾರ್ಟ್ ಪದಕಗಳು ಬಂದವು. ಕಾಲಿನ ನೋವು ಮಾತ್ರ ಸಾಯುವವರೆಗೂ ಬಿಡಲಿಲ್ಲ. ಅವರು ಯಾವ ಮಾರ್ಷಲ್ಲೂ ಆಗಿರಲಿಲ್ಲ, ಬಂದೂಕು ಹೊತ್ತ ಸಾಮಾನ್ಯ ಸೈನಿಕ. ಅಮೆರಿಕದ ಸೇನೆಯಲ್ಲಿ ಮಾರ್ಷಲ್ ಎಂಬ ದರ್ಜೆಯೇ ಇಲ್ಲ.

ಆ ಕಾಲಿನಲ್ಲೇ ಅವರು 20 ವರ್ಷ ಕುದುರೆ ಹತ್ತಿದರು. ಹೊತ್ತು ಏರಿದಂತೆ ನೋವು ಜಾಸ್ತಿಯಾಗುತ್ತಿದ್ದುದರಿಂದ ಸವಾರಿಯ ದೃಶ್ಯಗಳನ್ನು ಬೆಳಗ್ಗೆಯೇ ಮುಗಿಸುತ್ತಿದ್ದರಂತೆ. ಅದಕ್ಕೂ ಮೊದಲು ಸಿನಿಮಾದಲ್ಲಿ ಅವರ ಎತ್ತರವೇ ತೊಡಕಾಗಿತ್ತು. ನಾಯಕರು ಪಕ್ಕದಲ್ಲಿ ನಿಂತರೆ ಕುಳ್ಳಗೆ ಕಾಣುತ್ತಿದ್ದರು. 1951ರ ಒಂದು ಚಿತ್ರದಲ್ಲಿ ಮಂಜಿನಡಿ ಸಿಕ್ಕ ಅನ್ಯಗ್ರಹದ ಜೀವಿಯ ವೇಷವನ್ನೂ ಹಾಕಿದರು. ಕೈ ಹಿಡಿದವರು ಆಗಿನ ದೊಡ್ಡ ಸಿನಿಮಾ ತಾರೆ ಜಾನ್ ವೇನ್. 1955ರ ಸೆಪ್ಟೆಂಬರ್ 10ರಂದು ಸಿಬಿಎಸ್ ಟಿವಿ ವಾಹಿನಿಯಲ್ಲಿ 'ಗನ್‌ಸ್ಮೋಕ್' ಮೊದಲ ಕಂತು ಬಂದಾಗ ತೆರೆಯ ಮೇಲೆ ಬಂದು ಈ ಹೊಸಬನನ್ನು ಪರಿಚಯಿಸಿದ್ದು ವೇನ್ ಅವರೇ. ರೇಡಿಯೋದಲ್ಲಿ 1952ರಿಂದ ಮ್ಯಾಟ್ ಡಿಲನ್ ಆಗಿದ್ದವರು ವಿಲಿಯಂ ಕಾನ್ರಾಡ್. ಆ ದನಿಗೆ ಒಗ್ಗಿಹೋಗಿದ್ದ ಕೇಳುಗರ ಎದುರು ಆರ್ನೆಸ್ ಆ ಪಾತ್ರ ಹೊತ್ತು ನಿಂತರು. ಒಟ್ಟು 635 ಕಂತು. 1957ರಿಂದ ಸತತ ನಾಲ್ಕು ಸೀಸನ್ ಅಮೆರಿಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಜನ ನೋಡಿದ ಕಾರ್ಯಕ್ರಮ ಅದು. ಟಿವಿ ಕಾರ್ಯಕ್ರಮಗಳಿಗೆ ಕೊಡುವ ಎಮ್ಮಿ ಪ್ರಶಸ್ತಿಗೆ ಆರ್ನೆಸ್ ಹೆಸರು ಮೂರು ಸಲ ಹೋಯಿತು, ಒಮ್ಮೆಯೂ ಸಿಗಲಿಲ್ಲ. ಜೊತೆಗಿದ್ದ ಡೆನಿಸ್ ವೀವರ್, ಮಿಲ್ಬರ್ನ್ ಸ್ಟೋನ್ ಇಬ್ಬರಿಗೂ ಸಿಕ್ಕಿತು. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆರ್ನೆಸ್ ನಟನೆ ಕಣ್ಣಿಗೆ ಹೊಡೆಯುವಂಥದ್ದಲ್ಲ. ಕಡಿಮೆ ಮಾತು, ಬಾಗಿಲಲ್ಲಿ ಸುಮ್ನೆ ನಿಂತು ಎದುರಿನವನು ಬಂದೂಕು ಕೆಳಗಿಡುವವರೆಗೆ ಕಾಯುವುದು. ಸಾಧ್ಯವಾದಷ್ಟು ಗುಂಡು ಹಾರಿಸದೆ ಕೆಲಸ ಮುಗಿಸುವುದು. ವಾರಂಟ್ ಹಿಡಿದು ಬಂದ ಮನುಷ್ಯ ಹೇಗಿರಬೇಕೋ ಹಾಗಿದ್ದರು.

ಇನ್ನು ಕೌಬಾಯ್. ದಯವಿಟ್ಟು ಆರ್ನೆಸ್ ಅವರನ್ನು ಕೌಬಾಯ್ ಪಾತ್ರಧಾರಿ ಎಂದು ಬರೆಯಬೇಡಿ. ಕೌಬಾಯ್ ಎಂದರೆ ಕೂಲಿಗೆ ದನ ಹೊಡೆದುಕೊಂಡು ಬರುವವನು. 1870ರ ದಶಕದಲ್ಲಿ ಟೆಕ್ಸಾಸ್‌ನಿಂದ ಸಾವಿರಾರು ದನಗಳನ್ನು ತಿಂಗಳುಗಟ್ಟಲೆ ನಡೆಸಿಕೊಂಡು ಬಂದು, ಡಾಡ್ಜ್ ಸಿಟಿಯಲ್ಲಿ ರೈಲಿಗೆ ಹತ್ತಿಸಿ, ಕೈಗೆ ಬಂದ ಕೂಲಿಯನ್ನು ಅಲ್ಲೇ ಕುಡಿದು ಮುಗಿಸುತ್ತಿದ್ದ ಹುಡುಗರು ಅವರು. ಅವರ ಗಲಾಟೆ ತಡೆಯಲೆಂದೇ ರೈಲು ಹಳಿಯ ಉತ್ತರಕ್ಕೆ ಬಂದೂಕು ಒಯ್ಯಬಾರದು ಎಂದು ಆ ಊರು ಕಾನೂನು ಮಾಡಿತ್ತು. ಆ ಬಂದೂಕುಗಳನ್ನು ಇಳಿಸುವವನು ಮಾರ್ಷಲ್. ಟೋಪಿ ಒಂದೇ ಥರ ಇರುತ್ತದೆ, ಕುದುರೆಯೂ ಒಂದೇ ಥರ. ಅಷ್ಟಕ್ಕೇ ಇಬ್ಬರನ್ನೂ ಒಂದೇ ಹೆಸರಿನಿಂದ ಕರೆದರೆ, ಕಥೆಯಲ್ಲಿ ಜಗಳ ಯಾರ ಯಾರ ನಡುವೆ ಎಂಬುದೇ ಕಳೆದುಹೋಗುತ್ತದೆ.

ಆರ್ನೆಸ್ ಮಾಡಿದ ಎಲ್ಲ ಪಾತ್ರವನ್ನೂ ಮಾರ್ಷಲ್ ಎನ್ನುವುದೂ ಬೇಡ. 'ಗನ್‌ಸ್ಮೋಕ್' ಮುಗಿದ ಮೇಲೆ 1979ರವರೆಗೆ ಅವರು ಇನ್ನೊಂದು ವೆಸ್ಟರ್ನ್ ಧಾರಾವಾಹಿಯಲ್ಲಿ ಜೆಬ್ ಮೆಕಹಾನ್ ಎಂಬ ಬೆಟ್ಟಗಾಡಿನ ಅಲೆಮಾರಿಯಾಗಿದ್ದರು. 1981ರಲ್ಲಿ ಈ ಕಾಲದ ಪೊಲೀಸ್ ಪತ್ತೇದಾರನಾದರು. 1987ರಿಂದ 1994ರವರೆಗೆ ಬಂದ ಐದು ಟಿವಿ ಚಿತ್ರಗಳಲ್ಲಿ ಮತ್ತೆ ಮ್ಯಾಟ್ ಡಿಲನ್ ಆದರು, ಆದರೆ ಅಲ್ಲಿ ಡಿಲನ್ ಬಿಲ್ಲೆ ಬಿಚ್ಚಿಟ್ಟಾಗಿದೆ. ಹಾಗಾಗಿ ಅಲ್ಲಿ 'ಮಾಜಿ ಮಾರ್ಷಲ್' ಎಂದು ಬರೆದರೆ ಸರಿ. 1992ರ ಚಿತ್ರದಲ್ಲಿ ಅವನು ಅರಿಜೋನಾದಲ್ಲಿ ದನ ಸಾಕಿಕೊಂಡಿರುತ್ತಾನೆ, ಕಳ್ಳರು ಅವನ ದನಗಳನ್ನೇ ಹೊಡೆದುಕೊಂಡು ಹೋಗುತ್ತಾರೆ. ಅಲ್ಲೂ ಅವನು ಹಟ್ಟಿಯ ಮಾಲೀಕ, ಕೌಬಾಯ್ ಅಲ್ಲ.