ಆಳ ತೆಗೆಯಿರಿ, ಅಂಚು ಬಿಡಿ

"ಸಾರ್, ನಮ್ಮೂರ ಕೆರೆ ಪೂರ್ತಿ ಕ್ಲೀನ್ ಮಾಡಿಸಿದ್ದೀವಿ, ಒಂದ್ಸಲ ಬಂದು ನೋಡಿ."

ಬೇಸಿಗೆ ಮುಗಿಯುವ ಹೊತ್ತಿಗೆ ಇಂಥ ಫೋನುಗಳು ಶುರುವಾಗುತ್ತವೆ. ಮುಳಬಾಗಿಲಿನಿಂದ, ಚಿಂತಾಮಣಿಯಿಂದ, ಶಿರಾದಿಂದ. ಪ್ರೀತಿಯಿಂದಲೇ ಕರೆಯುತ್ತಾರೆ. ಹೋದರೆ ಮುದ್ದೆ ಊಟ ಹಾಕದೆ ಕಳಿಸುವುದಿಲ್ಲ. ಹಾಗಾಗಿ ಬೈಯುವುದಕ್ಕೂ ಬಾಯಿ ಬರುವುದಿಲ್ಲ. ಏರಿ ಹತ್ತಿ ನೋಡಿದರೆ ಕಾಣುವುದು ಮಾತ್ರ ಸಾಮಾನ್ಯವಾಗಿ ಒಂದೇ. ಸುತ್ತಲೂ ಗೋಡೆಯ ಹಾಗೆ ಕಡಿದ ಮಣ್ಣು, ಒಂದು ಹುಲ್ಲುಕಡ್ಡಿಯೂ ಇಲ್ಲದ ಅಂಗಳ, ಮೇಲೊಂದು ವಾಕಿಂಗ್ ಪಾತ್.

ಕೆರೆಯಲ್ಲಿ ಏನೇನು ಬದುಕಿದೆ ಅಂತ ನೋಡಿ ಪಂಚಾಯ್ತಿಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಒತ್ತುವರಿ, ರಾಜಕಾಲುವೆ, ಕೊಳಚೆ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಎಷ್ಟು ಹೇಳಿದರೂ ತಲೆಗೆ ಇಳಿಯದ ಮಾತು ಒಂದಿದೆ. ಕೆರೆಯ ಬಹುಪಾಲು ಜೀವ ಇರುವುದು ಮೊಣಕಾಲುದ್ದ ನೀರಿನ ಅಂಚಿನಲ್ಲಿ. ಆ ಅಂಚನ್ನೇ ನಾವು ಮೊದಲು ಕೆರೆದು ಹಾಕುತ್ತೇವೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆಯ ಹಳೇ ಕೆರೆಗಳು ಮೊರದ ಹಾಗಿರುತ್ತವೆ. ಏರಿ ಇರುವ ಕಡೆ ಆಳ. ಅಲ್ಲಿಂದ ಹಿಂದಕ್ಕೆ ಹೋಗ್ತಾ ಹೋಗ್ತಾ ನೆಲ ನಿಧಾನವಾಗಿ ಏರಿ, ನೀರು ತೆಳುವಾಗುತ್ತದೆ. ನೂರು ಅಡಿ ನಡೆದರೆ ಒಂದು ಅಡಿ ಏರುವ ಅಂಗಳ ಅಂತ ಇಟ್ಟುಕೊಳ್ಳಿ. ನೀರು ಒಂದು ಅಡಿ ಇಳಿದರೆ ನೂರು ಅಡಿ ಅಗಲದ ಒದ್ದೆ ನೆಲ ತೆರೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಬರೀ ಬಿಸಿಲಿಗೇ ದಿನಕ್ಕೆ ಅರ್ಧ ಸೆಂಟಿಮೀಟರ್‌ಗಿಂತ ಜಾಸ್ತಿ ನೀರು ಆರುತ್ತದೆ. ಅಂದರೆ ದಿನಾ ಹೊಸ ಕೆಸರು, ದಿನಾ ಹೊಸ ಮೇವು. ಅದೇ ಕೆರೆಯನ್ನು ಜೆಸಿಬಿಯಿಂದ ನೆಟ್ಟಗೆ ಕಡಿದರೆ ನೀರು ಒಂದು ಅಡಿ ಇಳಿದಾಗ ತೆರೆದುಕೊಳ್ಳುವುದು ಒಂದು ಅಡಿ ಮಣ್ಣಿನ ಗೋಡೆ. ಅದರ ಮೇಲೆ ಕೊಕ್ಕರೆ ನಿಲ್ಲುತ್ತಾ? ಎಮ್ಮೆ ನಿಲ್ಲುತ್ತಾ?

ಇನ್ನೂ ಒಂದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕೆರೆಗಳ ನೀರು ಕೆಂಪು, ಮಣ್ಣುಮಣ್ಣು. ಬಿಸಿಲು ತುಂಬ ಕೆಳಗೆ ಇಳಿಯುವುದಿಲ್ಲ. ತಳಕ್ಕೆ ಬೆಳಕು ಮುಟ್ಟುವುದು ಅಂಚಿನಲ್ಲಿ ಮಾತ್ರ. ಬೆಳಕಿದ್ದಲ್ಲಿ ಪಾಚಿ, ಜೊಂಡು, ನೀರುಹುಲ್ಲು. ಅದನ್ನು ತಿನ್ನುವ ಹುಳ, ಬಸವನಹುಳು. ಅದನ್ನು ತಿನ್ನುವ ಮೀನು, ಹಕ್ಕಿ. ಹದಿನೈದು ಅಡಿ ಗುಂಡಿಯ ತಳದಲ್ಲಿ ಕತ್ತಲು, ಗಾಳಿಯೂ ಕಮ್ಮಿ.

ಕೊರಮೀನು ಮರಿ ಮಾಡುವುದನ್ನು ನೋಡಿದ್ದೀರಾ? ಜೊಂಡಿನ ನಡುವೆ ಒಂದಿಷ್ಟು ಜಾಗ ಬಿಡಿಸಿಕೊಂಡು ಮೊಟ್ಟೆ ಇಡುತ್ತದೆ. ಮರಿಗಳು ಕೆಂಪು, ನೂರಾರು, ಒಂದೇ ಗುಂಪಾಗಿ ಈಜುತ್ತವೆ. ಗಳಿಗೆಗೊಮ್ಮೆ ಎಲ್ಲ ಒಟ್ಟಿಗೆ ಮೇಲೆ ಬಂದು ಗಾಳಿ ನುಂಗುತ್ತವೆ. ಆಗ ಆ ಜಾಗದಲ್ಲಿ ಮಾತ್ರ ತುಂತುರು ಮಳೆ ಬಿದ್ದಂತೆ ನೀರು ಕುದಿಯುತ್ತದೆ. ಕೆಳಗೆ ದೊಡ್ಡ ಮೀನು ಕಾವಲು. ಕೈ ಹಾಕಿದರೆ ಮೈಮೇಲೆ ಬರುತ್ತದೆ. ಈ ಸಂಸಾರಕ್ಕೆ ಬೇಕಾದದ್ದು ಒಂದೆರಡು ಅಡಿ ನೀರು, ಒಂದಿಷ್ಟು ಜೊಂಡು. ಅಷ್ಟೇ.

"ಸಾರ್, ಮೀನು ಬಿಟ್ಟಿದ್ದೀವಲ್ಲ" ಅನ್ನುತ್ತಾರೆ. ಬಿಡಿ, ಬೇಡ ಅನ್ನಲ್ಲ, ಪಂಚಾಯ್ತಿಗೆ ಹರಾಜಿನ ದುಡ್ಡು ಬರುತ್ತದೆ. ಆದರೆ ಕಾಟ್ಲಾ, ರೋಹು ಹರಿಯುವ ನದಿಯ ಮೀನು. ನಿಂತ ಕೆರೆಯಲ್ಲಿ ಅವು ಮರಿ ಮಾಡುವುದಿಲ್ಲ. ಅದಕ್ಕೇ ಪ್ರತಿ ವರ್ಷ ಮರಿ ತಂದು ಬಿಡಬೇಕು. ಅದು ಸಾಕಣೆ. ಕೆರೆಯಲ್ಲೇ ಹುಟ್ಟಿ ಬೆಳೆಯುವ ಪಕ್ಕೆಯಂಥ ಸಣ್ಣ ಮೀನಿಗೆ ಮೊಟ್ಟೆ ಅಂಟಿಸಲು ಅಂಚಿನ ಗಿಡ ಬೇಕು. ಜಿಲೇಬಿ ಮೀನು (ತಿಲಾಪಿಯಾ) ಬಿಡಲೇಬೇಡಿ ಅಂತ ಮಾತ್ರ ಕೈಮುಗಿದು ಹೇಳುತ್ತೇನೆ. ಒಮ್ಮೆ ಸೇರಿಕೊಂಡರೆ ಹೋಗುವುದಿಲ್ಲ.

ಇನ್ನೊಂದು ತಕರಾರು ಸೊಳ್ಳೆಯದು. ಜೊಂಡು ಇದ್ದರೆ ಸೊಳ್ಳೆ ಬರುತ್ತೆ ಅಂತ. ಬೆಳಗ್ಗೆ ಹೋಗಿ ಜೊಂಡಿನ ಕಡ್ಡಿಗಳನ್ನು ಹತ್ತಿರದಿಂದ ನೋಡಿ. ಬೆನ್ನು ಸೀಳಿದ, ಒಣಗಿದ ಪೊರೆಗಳು ಕಡ್ಡಿಗೆ ಅಂಟಿಕೊಂಡಿರುತ್ತವೆ. ಏರೋಪ್ಲೇನ್ ಚಿಟ್ಟೆ ನೀರಿನಿಂದ ಹತ್ತಿ ಬಂದು ಬಿಟ್ಟು ಹೋದ ಅಂಗಿ ಅದು. ನೀರೊಳಗೆ ಇರುವಷ್ಟು ದಿನ ಅದು ಸೊಳ್ಳೆಮರಿ ತಿನ್ನುತ್ತದೆ, ರೆಕ್ಕೆ ಬಂದ ಮೇಲೆ ಸೊಳ್ಳೆಯನ್ನೇ ತಿನ್ನುತ್ತದೆ. ಹತ್ತಲು ಕಡ್ಡಿಯೇ ಇಲ್ಲದಿದ್ದರೆ ಅದು ಎಲ್ಲಿಂದ ಬರಬೇಕು? ಕೊಳಚೆ ಸೇರಿದ ಕೆರೆಗೆ ಈ ಲೆಕ್ಕ ಅಷ್ಟು ಸಲೀಸಾಗಿ ಹೊಂದುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಶಿರಾ ತಾಲ್ಲೂಕಿನ ಕಗ್ಗಲಡು ಗೊತ್ತಲ್ವಾ? ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಊರಿನವರೇ ಕಾಯುತ್ತಾರೆ. ಆ ಹಕ್ಕಿ ಕಣ್ಣಿನಿಂದ ಮೀನು ಹುಡುಕುವುದು ಕಮ್ಮಿ. ಕೊಕ್ಕನ್ನು ಅರ್ಧ ತೆರೆದು ನೀರಲ್ಲಿ ಇಳಿಬಿಟ್ಟು, ಆ ಕಡೆ ಈ ಕಡೆ ಆಡಿಸುತ್ತಾ ನಡೆಯುತ್ತದೆ. ಮೀನು ತಾಗಿದ ಕ್ಷಣ ಕೊಕ್ಕು ಮುಚ್ಚುತ್ತದೆ. ನಡೆಯಬೇಕಾದರೆ ಕಾಲು ನೆಲಕ್ಕೆ ಮುಟ್ಟಬೇಕು. ಹುಣಸೆ ಮರ ಎಷ್ಟು ಕಾದರೂ, ಸುತ್ತಲ ಕೆರೆಗಳೆಲ್ಲ ಗುಂಡಿಯಾದರೆ ಮರಿಗಳಿಗೆ ಉಣಿಸಲು ಅದು ಎಲ್ಲಿಗೆ ಹೋಗಬೇಕು?

ಹೂಳು ತೆಗೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಆಳ ಜಾಸ್ತಿಯಾದರೆ ಆವಿಯಾಗುವುದು ಕಮ್ಮಿ, ಅದು ನಿಜ. ನದಿಯ ಆಸರೆ ಇಲ್ಲದ ಕೋಲಾರದಂಥ ಕಡೆ ಆ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಏರಿ ಕಡೆಯ ಆಳದ ಭಾಗದಲ್ಲಿ ತೆಗೆಯಿರಿ, ಆದರೆ ಏರಿ ಬುಡಕ್ಕೆ ಎಷ್ಟು ದೂರ ಬಿಡಬೇಕು ಅಂತ ಎಂಜಿನಿಯರ್ ಹೇಳಬೇಕು, ನಾನಲ್ಲ. ಹರಡಿಕೊಂಡು ಬೆಳೆಯುವ ಅಂತರಗಂಗೆ ಕಳೆಯನ್ನು ಖಂಡಿತ ತೆಗೆಯಿರಿ. 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿರುವ ಬೆಂಗಳೂರಿನ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರಿನಲ್ಲಿ ಗೊಬ್ಬರದಂಶ ಇರುವುದರಿಂದ ಅಂಥ ಕಡೆ ಕಳೆ ಇನ್ನೂ ಬೇಗ ಬೆಳೆಯುತ್ತದೆ. ಆ ಗೊಬ್ಬರದಂಶ ಹೀರಿಕೊಳ್ಳುವುದಕ್ಕೂ ಅಂಚಿನ ಜೊಂಡು ಬೇಕು.

ಸಣ್ಣ ಕುಂಟೆಗಳ ಕಥೆ ಬೇರೆ. 2022ರಲ್ಲಿ ಬಂದ ಅಮೃತ ಸರೋವರ ಯೋಜನೆಯಲ್ಲಿ ಕನಿಷ್ಠ ಒಂದು ಎಕರೆ, ಸುಮಾರು 10,000 ಘನ ಮೀಟರ್ ನೀರು ಅಂತ ಅಳತೆ. ಲೆಕ್ಕ ಹಾಕಿ, ಸರಾಸರಿ ಎರಡೂವರೆ ಮೀಟರ್ ಆಳ ಬೇಕು. ಒಂದೇ ಎಕರೆಯಲ್ಲಿ ಅಷ್ಟು ತುಂಬಿಸಲು ಹೋದರೆ ಇಳಿಜಾರಿಗೆ ಜಾಗ ಎಲ್ಲಿ ಉಳಿಯುತ್ತದೆ? ಜಾಗ ಇರುವ ಕಡೆ ಅಗಲ ಜಾಸ್ತಿ ಮಾಡಿಕೊಳ್ಳಿ.

ಚಿಂತಾಮಣಿ ಕಡೆ ಒಂದು ಕೆರೆ ಏರಿ ಮೇಲೆ ಅಧ್ಯಕ್ಷರು ನನಗೆ ಗುಂಡಿ ತೋರಿಸುತ್ತಿದ್ದರು. ಎಮ್ಮೆ ಹೊಡೆದುಕೊಂಡು ಬಂದ ಅಜ್ಜಿ ಒಬ್ಬರು ನಿಂತರು.

"ಏನ್ ಕೆರೆ ಮಾಡವ್ರೋ ಸಾಮಿ, ಎಮ್ಮೆ ಇಳ್ಯಕ್ಕೂ ದಾರಿ ಇಲ್ಲ. ಹೊನಗೊನೆ ಸೊಪ್ಪು ಎಲ್ಲಿ ಕೀಳೋದು?"

"ಸಂತೇಲಿ ಸಿಗ್ತದೆ ಬಿಡಜ್ಜಿ" ಅಂದರು ಅಧ್ಯಕ್ಷರು.

"ನಿಮ್ಮವ್ವ ಸಂತೇಲಿ ತಂದು ಸಾಕಿದ್ಲಾ ನಿನ್ನ?"

ಅಧ್ಯಕ್ಷರು ನಕ್ಕರು. ನನಗೆ ಹೇಳಲು ಏನೂ ಉಳಿದಿರಲಿಲ್ಲ. ನೆಟ್ಟಗೆ ಕಡಿದ ಗುಂಡಿಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಹಕ್ಕಿ, ಮೀನು ಅಂದರೆ ನಗುವವರಿಗೆ ನಾನು ಇದನ್ನೇ ಹೇಳುವುದು.

ಅಸಲಿ ತೊಡಕು ಬಿಲ್ಲಿನಲ್ಲಿದೆ. ಬಿಲ್ ಆಗುವುದು ಎತ್ತಿದ ಮಣ್ಣಿನ ಲೆಕ್ಕದಲ್ಲಿ. ಅಂಚು ಬಿಟ್ಟರೆ ಯಾರಿಗೂ ದುಡ್ಡಿಲ್ಲ. ಆದ್ದರಿಂದ ಕೆಲಸ ಶುರುವಾದ ಮೇಲೆ ನನ್ನನ್ನು ಕರೆಯಬೇಡಿ. ಎಸ್ಟಿಮೇಟ್ ಬರೆಯುವಾಗಲೇ "ಇಷ್ಟು ಭಾಗ ಮುಟ್ಟಬಾರದು" ಅಂತ ನಕ್ಷೆಯಲ್ಲಿ ಹಾಕಿಸಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ನಿಮ್ಮ ಪಂಚಾಯ್ತಿಯಲ್ಲೂ ಒಂದು ಜೀವವೈವಿಧ್ಯ ಸಮಿತಿ, ಊರಿನ ಗಿಡ-ಜೀವಿಗಳನ್ನು ಬರೆದಿಟ್ಟ ಒಂದು ದಾಖಲಾತಿ ಪುಸ್ತಕ ಇರಬೇಕು. ಬೀರುವಿನಿಂದ ತೆಗೆದು ಎಂಜಿನಿಯರ್ ಮುಂದೆ ಇಡಿ. ಆಮೇಲೆ ಕೆರೆ ನೀರು ಬಿಡುವ ನೀರುಗಂಟಿಯನ್ನೋ ಆ ಅಜ್ಜಿಯಂಥವರನ್ನೋ ಜೊತೆಗೆ ಕರೆದುಕೊಂಡು ಅಂಗಳದಲ್ಲಿ ನಡೆದು ಸುಣ್ಣದ ಪುಡಿಯಿಂದ ಗೆರೆ ಹಾಕಿಸಿ. ಜೆಸಿಬಿ ಡ್ರೈವರಿಗೂ ಖುದ್ದಾಗಿ ತೋರಿಸಿ. ನಕ್ಷೆ ಆಫೀಸಿನಲ್ಲಿರುತ್ತದೆ, ಕೆರೆಯಲ್ಲಿ ಇರುವವನು ಅವನೇ.